ಮನೆಗೆ ಮೊದಲ ಹೊಗೆಯಿಲ್ಲದ ಸೌದೆ ಒಲೆ: ಕಟ್ಟಿಸುವುದೋ, ಕೊಳ್ಳುವುದೋ?

ತೋಟದಮನೆ_ಸಾಗರ

ನಮಸ್ಕಾರ. ಸಾಗರದ ಹತ್ತಿರ ಹಳ್ಳಿಮನೆ. ಹಿಂಭಾಗಕ್ಕೆ 10×12 ಅಡಿಯ ಹೊಸ ಅಡುಗೆಕೋಣೆ ಆಗುತ್ತಿದೆ. ಮಂಗಳೂರು ಹಂಚು, ಮರದ ಪಕಾಸು, ರೀಪು. ಮನೆಯಲ್ಲಿ 5 ಜನ. ಗ್ಯಾಸ್ ಇದೆ, ಒಂದು ಸಿಲಿಂಡರ್ ಸುಮಾರು 40 ದಿನ ಬರುತ್ತದೆ. ಅದರ ಜೊತೆಗೆ ಸೌದೆಯ ಒಲೆಯೂ ಒಂದು ಇರಲಿ ಎಂಬ ಯೋಚನೆ. ತೋಟದ ಸೋಗೆ, ಗರಟೆ, ಅಡಿಕೆ ದಬ್ಬೆ, ಬೇಲಿಯ ಅಕೇಶಿಯಾ ಎಲ್ಲ ಸಿಗುತ್ತದೆ. ಹಳೆ ಅಡುಗೆಮನೆಯ ಹಾಗೆ ಗೋಡೆ, ಜಂತಿಯೆಲ್ಲ ಇಲ್ಲಣ ಹಿಡಿಯುವುದು ಮಾತ್ರ ಬೇಡ.

ಮೂರು ಪಾತ್ರೆಯ ಅಸ್ತ್ರ ಒಲೆ, ಎರಡು ಪಾತ್ರೆಯ ಚಿಮಣಿ ಒಲೆ, ಅಂಗಡಿಯಲ್ಲಿ ಸಿಗುವ ಕಬ್ಬಿಣದ ಎತ್ತಿಡುವ ಒಲೆ, ಈ ಮೂರರಲ್ಲಿ ಯಾವುದು ಸರಿ? ಅಳತೆ ಗೊತ್ತಿದ್ದವರು ಅಳತೆ ಸಮೇತ ಹೇಳಿದರೆ ಉಪಕಾರ.

ಒಲೆಮೇಸ್ತ್ರಿ

ಒಲೆ ಆಯುವ ಮುಂಚೆ ಪಾತ್ರೆ ಆಯ್ದುಕೊಳ್ಳಿ. ದಿನಾ ಯಾವ ಎರಡು ಪಾತ್ರೆ ಒಟ್ಟಿಗೆ ಒಲೆ ಮೇಲೆ ಕೂರುತ್ತವೆ? ಅನ್ನದ ತಪ್ಪಲೆ ಮತ್ತು ಸಾರಿನ ಪಾತ್ರೆ ಎಂದಾದರೆ ನಿಮಗೆ ಬೇಕಿರುವುದು ಎರಡು ಪಾತ್ರೆಯ ಒಲೆ. ಮೂರನೆಯದು ಬೇಡ.

ಅಸ್ತ್ರ ಒಲೆ ಕೆಟ್ಟದ್ದು ಅಂತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ (1974ರಲ್ಲಿ ಎ.ಕೆ.ಎನ್. ರೆಡ್ಡಿ ಮುಂದಾಗಿ ಕಟ್ಟಿದ್ದು) ರೂಪಿಸಿದ ಒಲೆ ಅದು. ಮುಚ್ಚಿದ ಬೆಂಕಿಗೂಡು, ಕೆಳಗೆ ಜಾಲರಿ, ಒಂದೇ ಬೆಂಕಿಯ ಬಿಸಿ ಸಾಲಾಗಿ ಮೂರು ಪಾತ್ರೆಯ ತಳ ಸವರಿಕೊಂಡು ಚಿಮಣಿಗೆ. ಮೂರೂ ಪಾತ್ರೆ ತುಂಬಿರುವಾಗ ಅದರಷ್ಟು ಸೌದೆ ಉಳಿಸುವ ಕಟ್ಟಿದ ಒಲೆ ಕಡಿಮೆ. ತೊಂದರೆ ಬರುವುದು ಬೆಳಿಗ್ಗೆ ಒಂದು ಪಾತ್ರೆ ಕಾಫಿ ನೀರಿಡುವಾಗ. ಉಳಿದೆರಡು ಕುಳಿ ಖಾಲಿ ಇದ್ದರೆ ಆ ಬಿಸಿ ದಂಡ, ಮುಚ್ಚದಿದ್ದರೆ ಹೊಗೆ ಅಲ್ಲಿಂದಲೇ ಕೋಣೆಗೆ.

ಸರ್ಕಾರದ ಸುಧಾರಿತ ಒಲೆ ಯೋಜನೆ 1983ರಿಂದ 2002ರವರೆಗೆ ನಡೆಯಿತಲ್ಲ, ಆಗ ಕಟ್ಟಿದ ಎಷ್ಟೋ ಒಲೆಗಳನ್ನು ಜನ ಒಡೆದು ಹಾಕಿದ್ದಕ್ಕೆ ಕಾರಣ ಇಂಥವೇ: ಕುಳಿ ಒಂದಳತೆ ಪಾತ್ರೆ ಇನ್ನೊಂದಳತೆ, ಕಟ್ಟುವವರು ತಮಗೆ ತೋಚಿದಂತೆ ಒಳ ಅಳತೆ ಬದಲಿಸಿದ್ದು, ಚಿಮಣಿ ತೆರೆದು ಗುಡಿಸಲು ದಾರಿಯೇ ಇಲ್ಲದ್ದು. ಇನ್ನೊಂದೂ ಇದೆ. ಬಾಯಿ ಚಿಕ್ಕದಾದ್ದರಿಂದ ಸೌದೆಯನ್ನು ಸಣ್ಣಗೆ ಸೀಳಬೇಕು. ಸೀಳುವ ಕೈ ಯಾರದ್ದು ಎಂದು ಯಾರೂ ಕೇಳಲಿಲ್ಲ. ನೀವು ಮನೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಲೆಕ್ಕದಪುಸ್ತಕ

ಮೇಸ್ತ್ರಿಯವರು ಹೇಳಿದ್ದು ಸರಿ, ಆದರೆ ಪ್ರಶ್ನೆ ಕೇಳಿದವರು ಬಚ್ಚಲನ್ನು ಮರೆತಿದ್ದಾರೆ. ಸ್ವಲ್ಪ ಲೆಕ್ಕ ನೋಡಿ.

14.2 ಕೆ.ಜಿ. ಸಿಲಿಂಡರಿನಲ್ಲಿ ಸುಮಾರು 640 ಮೆಗಾಜೂಲ್ ಶಾಖ. ಗ್ಯಾಸ್ ಒಲೆಯಲ್ಲಿ 100ಕ್ಕೆ 60 ಪಾಲು ಪಾತ್ರೆಗೆ ಸೇರುತ್ತದೆ ಎಂದಿಟ್ಟುಕೊಂಡರೆ 384. ಅದನ್ನು 40 ದಿನಕ್ಕೆ ಹಂಚಿದರೆ ದಿನಕ್ಕೆ 9.6. ಇದು ನಿಮ್ಮ ಮನೆಯ ಅಡುಗೆಗೆ ನಿಜವಾಗಿ ಬೇಕಾದ ಶಾಖ.

ಈಗ ಸ್ನಾನ. ಒಬ್ಬರಿಗೆ 20 ಲೀಟರ್, 22 ಡಿಗ್ರಿಯ ನೀರು 40 ಡಿಗ್ರಿಗೆ ಬರಬೇಕು. ಒಬ್ಬರಿಗೆ 1.5 ಮೆಗಾಜೂಲ್, 5 ಜನಕ್ಕೆ 7.5. ಅಂದರೆ ಅಡುಗೆಗೆ ಬೇಕಾದದ್ದರ ಮುಕ್ಕಾಲು ಪಾಲಿಗಿಂತ ಹೆಚ್ಚು ಬಚ್ಚಲಲ್ಲೇ ಹೋಗುತ್ತದೆ.

ಚೆನ್ನಾಗಿ ಒಣಗಿದ ಸೌದೆಯಲ್ಲಿ ಕೆ.ಜಿ.ಗೆ ಸುಮಾರು 15 ಮೆಗಾಜೂಲ್. ಮೂರು ಕಲ್ಲಿಟ್ಟು ಹಂಡೆ ಕೂರಿಸಿದ ತೆರೆದ ಒಲೆಯಲ್ಲಿ ನೀರಿಗೆ ಸೇರುವುದು 100ಕ್ಕೆ 10ರ ಆಸುಪಾಸು, ಹಾಗಾಗಿ ದಿನಕ್ಕೆ 5 ಕೆ.ಜಿ. ಸುಡಬೇಕು. ಅದೇ ಹಂಡೆಗೆ ಸುತ್ತ ಇಟ್ಟಿಗೆ ಕವಚ, ಜಾಲರಿ, ಚಿಮಣಿ ಮಾಡಿ 100ಕ್ಕೆ 30 ಸೇರುವಂತಾದರೆ 1.7 ಕೆ.ಜಿ. ಸಾಕು. ತಿಂಗಳಿಗೆ 150 ಕೆ.ಜಿ. ಇದ್ದದ್ದು 50ಕ್ಕೆ ಇಳಿಯುತ್ತದೆ. ಕೈಯಲ್ಲಿರುವ ದುಡ್ಡಿಗೆ ಒಂದೇ ಒಲೆ ಆಗುವುದಾದರೆ ಮೊದಲು ಬಚ್ಚಲ ಒಲೆ ಮಾಡಿಸಿ. ಅಡುಗೆಗೆ ಹೇಗೂ ಗ್ಯಾಸ್ ಇದೆಯಲ್ಲ.

ಹಂಡೆಯ ಕವಚಕ್ಕೆ ಎರಡೇ ಮಾತು. ಹಂಡೆಗೂ ಇಟ್ಟಿಗೆಗೂ ನಡುವೆ ಸುತ್ತಲೂ 1 ಇಂಚಿನಿಂದ 1¼ ಇಂಚು ಸಂದಿ ಇರಲಿ. ಅದಕ್ಕಿಂತ ಹೆಚ್ಚಾದರೆ ಬಿಸಿ ಹಂಡೆಯನ್ನು ಮುಟ್ಟದೆ ಗೋಡೆಗುಂಟ ಏರಿಹೋಗುತ್ತದೆ, ಕಡಿಮೆಯಾದರೆ ಮಸಿ ಕಟ್ಟಿ ಸಂದಿಯೇ ಮುಚ್ಚುತ್ತದೆ. ಚಿಮಣಿಯ ದಾರಿ ಬೆಂಕಿ ಬಾಯಿಗೆ ಎದುರುಬದಿಯಲ್ಲಿ, ಕವಚದ ಮೇಲ್ತುದಿಯಲ್ಲಿ ಇರಲಿ, ಹಂಡೆಯ ಕಂಠಕ್ಕೆ ಸ್ವಲ್ಪ ಕೆಳಗೆ.

ಬೆಂಕಿಯ ಬಾಯಿ ಬಚ್ಚಲಿನ ಹೊರಗಡೆಗೇ ಇರಬೇಕು. ಬಾಗಿಲು ಹಾಕಿಕೊಂಡ ಬಚ್ಚಲಲ್ಲಿ ಕೆಂಡ ಉಸಿರಾಡುವ ಗಾಳಿಗೆ ಕಾರ್ಬನ್ ಮೋನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ಹೊಗೆ ಕಾಣದ ಕೆಂಡವೇ ಇಲ್ಲಿ ಹೆಚ್ಚು ಅಪಾಯ.

ತೋಟದಮನೆ_ಸಾಗರ

ಬಚ್ಚಲಿನ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ. ಬಚ್ಚಲು ಅಡುಗೆಕೋಣೆಯ ಪಕ್ಕದಲ್ಲೇ ಬರುತ್ತದೆ, ನಡುವೆ ಒಂದು ಗೋಡೆ. ಎರಡಕ್ಕೂ ಒಂದೇ ಚಿಮಣಿ ಮಾಡಬಹುದೇ? ಅಡುಗೆಗೆ ಎರಡು ಪಾತ್ರೆಯದ್ದೇ ಆಗಲಿ. ಅನ್ನದ ತಪ್ಪಲೆಯ ತಳ 10 ಇಂಚು, ಸಾರಿನದ್ದು 8 ಇಂಚು. ನಿಂತು ಅಡುಗೆ ಮಾಡುವ ಎತ್ತರ ಬೇಕು.

ಒಲೆಮೇಸ್ತ್ರಿ

ಒಂದೇ ಚಿಮಣಿ ಬೇಡ. ಒಂದು ಒಲೆ ಉರಿಯುವಾಗ ಇನ್ನೊಂದರ ಬಾಯಿಯಿಂದ ತಣ್ಣನೆ ಗಾಳಿ ಎಳೆದು ಸೆಳೆತ ಕುಗ್ಗುತ್ತದೆ. ಎರಡು ಕೊಳವೆ ಬೇರೆ ಬೇರೆಯೇ ಇರಲಿ.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಕಟ್ಟುವವರ ಪಕ್ಕದಲ್ಲಿ ಟೇಪು ಹಿಡಿದು ನಿಲ್ಲಿ.

ಕಟ್ಟೆ 20 ಇಂಚು ಎತ್ತರ. ಅದರ ಮೇಲೆ ಒಲೆ 11 ಇಂಚು. ಒಟ್ಟು 31, ನಿಂತು ತಿರುವಲು ಹಿತ. ಎತ್ತರ ಕಡಿಮೆ ಇರುವವರು ಅಡುಗೆ ಮಾಡುವುದಾದರೆ ಕಟ್ಟೆ ತಗ್ಗಿಸಿ, ಒಲೆಯ ಒಳ ಅಳತೆ ಮುಟ್ಟಬೇಡಿ.

ಜಾಲರಿ 6×8 ಇಂಚು. 10 ಎಂ.ಎಂ. ಸರಳು, ನಡುವೆ ಸಂದಿ 8ರಿಂದ 10 ಎಂ.ಎಂ. ಸಂದಿ ದೊಡ್ಡದಾದರೆ ಕೆಂಡ ಉರಿಯುವ ಮುಂಚೆಯೇ ಬೂದಿಗುಂಡಿಗೆ ಬೀಳುತ್ತದೆ. ಜಾಲರಿಯನ್ನು ಗಾರೆಯಲ್ಲಿ ಹುದುಗಿಸಬೇಡಿ. ಕಬ್ಬಿಣ ಕಾದು ಹಿಗ್ಗಿದಾಗ ಗೋಡೆ ಬಿರಿಯುತ್ತದೆ. ಇಟ್ಟಿಗೆ ಅಂಚಿನ ಮೇಲೆ ಸುಮ್ಮನೆ ಕೂರಲಿ, ಹಾಳಾದಾಗ ಎಳೆದು ತೆಗೆಯಬಹುದು.

ಜಾಲರಿಯ ಕೆಳಗೆ 4 ಇಂಚು ಬೂದಿಗುಂಡಿ, ಮುಂದೆ ತೆರೆದ ಬಾಯಿ. ಒಲೆಯ ಮೂಗು ಅದು, ಗಾಳಿ ಬರುವುದು ಅಲ್ಲಿಂದಲೇ. ಬೂದಿ ತುಂಬಿಕೊಂಡರೆ ಬೆಂಕಿ ಮಂಕಾಗಿ ಹೊಗೆ ಶುರು. ಈ ಬೂದಿಗುಂಡಿ ಕಟ್ಟೆಯ ಒಳಗೆ ಇಳಿಯುತ್ತದೆ, ಹಾಗಾಗಿ ಮೇಲಿನ 11 ಇಂಚಿನ ಲೆಕ್ಕಕ್ಕೆ ಸೇರಿಲ್ಲ.

ಜಾಲರಿಯಿಂದ ಮೊದಲ ಪಾತ್ರೆಯ ತಳಕ್ಕೆ 7 ಇಂಚು. ಹೆಚ್ಚಿನವರು ತಪ್ಪುವುದು ಇಲ್ಲೇ. 4 ಇಂಚು ಇಟ್ಟರೆ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣಗಿನ ತಳಕ್ಕೆ ಬಡಿದು ಆರುತ್ತದೆ, ಪಾತ್ರೆಯೆಲ್ಲ ಕಪ್ಪು. 10–12 ಇಂಚು ಇಟ್ಟರೆ ಹೊಗೆ ಇರುವುದಿಲ್ಲ, ಆದರೆ ಗೋಡೆ ಕಾಯಿಸುವುದಕ್ಕೇ ಸೌದೆ ಮುಗಿಯುತ್ತದೆ. ಸೌದೆ ತುರುಕುವ ಬಾಯಿ 5×5 ಇಂಚು ಸಾಕು.

ಮೊದಲ ಕುಳಿಯಿಂದ ಎರಡನೆಯದಕ್ಕೆ ಹೋಗುವ ದಾರಿಯ ಅಳತೆ ಚಿಮಣಿಯ ಬಾಯಿಯಷ್ಟೇ ಇರಬೇಕು, ಕಡಿಮೆ ಆಗಬಾರದು. 4 ಇಂಚಿನ ಕೊಳವೆಯ ಬಾಯಿ 12.5 ಚದರ ಇಂಚು. ಹಾಗಾಗಿ ದಾರಿ 5 ಇಂಚು ಅಗಲ, ಎರಡೂವರೆ ಇಂಚು ಎತ್ತರ. ಎರಡನೇ ಕುಳಿಯ ತಳದಲ್ಲಿ ಮಣ್ಣಿನ ದಿಬ್ಬ ಮಾಡಿ. ದಿಬ್ಬದ ನೆತ್ತಿಗೂ ಪಾತ್ರೆಯ ತಳಕ್ಕೂ ಒಂದೂವರೆ ಇಂಚು ಬಿಡಿ. ಆಗ ಬಿಸಿ ಕೆಳಗೆ ನುಸುಳಿ ಓಡದೆ ತಳ ಸವರಿಕೊಂಡು ಹೋಗುತ್ತದೆ. ದಿಬ್ಬ ಇಲ್ಲದ ಎರಡನೇ ಕುಳಿಯಲ್ಲಿ ಸಾರು ಬೆಚ್ಚಗಾಗುತ್ತದೆ, ಕುದಿಯುವುದಿಲ್ಲ.

ಕುಳಿಯ ಅಂಚನ್ನು ಹಸಿ ಇರುವಾಗಲೇ ನಿಮ್ಮದೇ ಪಾತ್ರೆಗೆ ಬೂದಿ ಸವರಿ ಕೂರಿಸಿ, ಎರಡು ಸುತ್ತು ತಿರುಗಿಸಿ ತೆಗೆಯಿರಿ. ಅಚ್ಚು ಹೊಯ್ದಂತೆ ಕೂರುತ್ತದೆ. ಬೇರೆ ಪಾತ್ರೆಗೆ ಕಬ್ಬಿಣದ ಬಳೆ ಒಂದು ಮಾಡಿಸಿಟ್ಟುಕೊಳ್ಳಿ.

ಬೆಂಕಿಗೂಡಿಗೆ ಸಿಮೆಂಟ್ ಗಾರೆ ಬೇಡವೇ ಬೇಡ. 400 ಡಿಗ್ರಿ ದಾಟಿದರೆ ಸಿಮೆಂಟಿನ ಹಿಡಿತ ಹೋಗಿ ಪುಡಿಪುಡಿ. ಹುತ್ತದ ಮಣ್ಣು, ಮರಳು, ಭತ್ತದ ಹೊಟ್ಟು, ಸ್ವಲ್ಪ ಸಗಣಿ ಕಲಸಿ ಎರಡು ದಿನ ಕೊಳೆಯಲು ಬಿಡಿ. ಮರಳು ಎಷ್ಟು ಎನ್ನುವುದು ನಿಮ್ಮ ಮಣ್ಣಿನ ಮೇಲೆ. ಒಂದು ಬಿಲ್ಲೆ ತಟ್ಟಿ ನೆರಳಲ್ಲಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳು ಸೇರಿಸಿ, ಉಗುರಿಗೆ ಉದುರಿದರೆ ಮಣ್ಣು ಸೇರಿಸಿ. ಕಟ್ಟಿದ ಮೇಲೆ 10–15 ದಿನ ನೆರಳಲ್ಲೇ ಆರಲಿ, ಆಮೇಲೆ ಮೂರು ದಿನ ಬರೀ ಸಣ್ಣ ಬೆಂಕಿ. ಗೃಹಪ್ರವೇಶದ ದಿನವೇ ಹಸಿ ಒಲೆಯಲ್ಲಿ ಪಾಯಸ ಕುದಿಸಲು ಹೊರಟರೆ ಒಲೆ ಸೀಳುತ್ತದೆ.

ಹಂಚಿನಮಾಡು

ಒಲೆ ಅರ್ಧ, ಚಿಮಣಿ ಅರ್ಧ. ಹಂಚಿನ ಮಾಡಿನಲ್ಲಿ ಚಿಮಣಿಯೇ ಮುಕ್ಕಾಲು ಮಾರಾಯ್ರೆ.

ಕೊಳವೆ ನೇರ ಮೇಲೆ ಹೋಗಲಿ. ಗೋಡೆಗೆ ತೂತು ಕೊರೆದು ಅಡ್ಡ ಹೊರಗೆ ತೆಗೆದು ಅಲ್ಲಿಂದ ಮೇಲೆತ್ತುವುದು ಸುಲಭ ಅನ್ನಿಸುತ್ತದೆ, ಆದರೆ ಹೊರಗಿನ ಕೊಳವೆ ಮಳೆಗೆ ತಣ್ಣಗಾಗಿ ಸೆಳೆತ ಸಾಯುತ್ತದೆ, ಡಾಂಬರಿನಂಥ ಮಸಿ ಒಳಗೆ ಬೇಗ ಕಟ್ಟುತ್ತದೆ. ಬಾಗಿಸಲೇಬೇಕಾದರೆ 45 ಡಿಗ್ರಿಯ ಎರಡು ಬಾಗು. 90 ಡಿಗ್ರಿಯ ಒಂದು ಬಾಗು ಬೇಡ.

ಎತ್ತರಕ್ಕೆ ಒಂದು ಕಟ್ಟಳೆ ಇದೆ: ಕೊಳವೆ ಹಂಚು ದಾಟುವ ಜಾಗದಿಂದ ಕನಿಷ್ಠ 3 ಅಡಿ ಮೇಲೆ, ಮತ್ತು ಸುತ್ತ 10 ಅಡಿ ದೂರದೊಳಗೆ ಇರುವ ಯಾವುದೇ ಮಾಡು, ಗೋಡೆಗಿಂತ 2 ಅಡಿ ಮೇಲೆ. ನಿಮ್ಮದು ಹಿಂದುಗಡೆಯ ಇಳಿಮಾಡು, ದೊಡ್ಡ ಮನೆಯ ಮಾಡು ಪಕ್ಕದಲ್ಲೇ ಎತ್ತರಕ್ಕಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪಡುವಣ ಗಾಳಿ ಆ ಮಾಡಿಗೆ ಬಡಿದು ಕೆಳಗೆ ತಿರುಗಿ ಹೊಗೆಯನ್ನು ನಿಮ್ಮ ಒಲೆಗೇ ವಾಪಸ್ ಕಳಿಸುತ್ತದೆ.

ಮರದಿಂದ ದೂರ: ಒಂದೇ ಪದರದ ತಗಡಿನ ಕೊಳವೆಯಾದರೆ ಪಕಾಸು, ರೀಪಿನಿಂದ 18 ಇಂಚು. ಪಕಾಸುಗಳ ನಡುವೆ ಅಷ್ಟು ಜಾಗ ಇರುವುದಿಲ್ಲ. ಆದ್ದರಿಂದ ಮಾಡು ಕಟ್ಟುವಾಗಲೇ ಆ ಜಾಗದ ಪಕಾಸು ತುಂಡರಿಸಿ ಅಡ್ಡಪಟ್ಟಿ ಕೊಟ್ಟು ಚೌಕ ಬಿಡಿಸಿಕೊಳ್ಳಿ. ಕಟ್ಟಿದ ಮೇಲೆ ಯೋಚಿಸಿದರೆ ಬಡಗಿಗೂ ನಿಮಗೂ ಜಗಳ. ಇಲ್ಲವೇ ಇಟ್ಟಿಗೆಯ ಚಿಮಣಿ ಎಬ್ಬಿಸಿ, ಅದಕ್ಕೆ ಮರ 2 ಇಂಚು ದೂರ ಇದ್ದರೆ ಸಾಕು. ಮರ ಒಂದೇ ದಿನಕ್ಕೆ ಹೊತ್ತಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಕಾದು ಕಾದು ಇದ್ದಿಲಿನಂತಾಗಿ, ಆಮೇಲೆ ಕಡಿಮೆ ಬಿಸಿಗೇ ಹೊತ್ತುತ್ತದೆ.

ಹಳೆ ಕಲ್ನಾರಿನ ಕೊಳವೆ ಅಗ್ಗಕ್ಕೆ ಸಿಕ್ಕರೂ ತರಬೇಡಿ, ಕೊಯ್ಯುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ವಿಷ. ಒಲೆಗೆ ತಾಗಿದ ಮೊದಲ 3 ಅಡಿ ಸ್ಟೀಲ್ ಅಥವಾ ದಪ್ಪ ಕಬ್ಬಿಣ, ಮೇಲೆ ಬೇಕಾದರೆ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಆದೀತು. ಕೊಳವೆ ಜೋಡಿಸುವಾಗ ಮೇಲಿನ ತುಂಡು ಕೆಳಗಿನದರ ಒಳಗೆ ಇಳಿಯಬೇಕು. ಉಲ್ಟಾ ಜೋಡಿಸಿದರೆ ಮಸಿನೀರು ಹೊರಗೆ ಸೋರಿ ಗೋಡೆ ಮೇಲೆ ಕಪ್ಪು ಗೆರೆ ಬೀಳುತ್ತದೆ. ಬುಡದಲ್ಲಿ ಮುಚ್ಚಳ ಇರುವ ಟಿ-ತುಂಡು ಹಾಕಿ, ಗುಡಿಸಿದ ಮಸಿ ಅಲ್ಲಿಂದ ತೆಗೆಯಬಹುದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಹಗ್ಗಕ್ಕೆ ತೆಂಗಿನಸಿಪ್ಪೆಯ ಉಂಡೆ ಕಟ್ಟಿ ಮೇಲಿಂದ ಕೆಳಗೆ ಎಳೆಯಿರಿ.

ಟೊಪ್ಪಿಗೆಯ ತಗಡು ಕೊಳವೆಯ ಎರಡರಷ್ಟು ಅಗಲ, ಕೊಳವೆ ಬಾಯಿಂದ 3–4 ಇಂಚು ಮೇಲೆ. ಹಂಚು ದಾಟುವಲ್ಲಿ ಕೊರಳುಪಟ್ಟಿಯ ತಗಡು ಹಾಕಬೇಕು. ಅದರ ಮೇಲಂಚು ಮೇಲಿನ ಹಂಚಿನ ಅಡಿಗೆ, ಕೆಳಅಂಚು ಕೆಳಗಿನ ಹಂಚಿನ ಮೇಲೆ. ಬರೀ ಸಿಮೆಂಟ್ ಮೆತ್ತಿದರೆ ಮೊದಲ ಆಷಾಢಕ್ಕೇ ಸೋರುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಳೆ ಅಡುಗೆಮನೆಯ ಹೊಗೆ ಅಟ್ಟದ ಮರಕ್ಕೆ ಕುಟ್ಟೆ ಹುಳ ಬರದಂತೆ ಕಾಯುತ್ತಿತ್ತು, ಅಟ್ಟದ ಮೇಲಿನ ಮುರುಗಲು ಸಿಪ್ಪೆಯನ್ನೂ ಒಣಗಿಸುತ್ತಿತ್ತು. ಹೊಗೆ ಹೊರಗೆ ಹೋದರೆ ಆ ಕೆಲಸ ನಿಂತಿತು. ಹೊಸ ಪಕಾಸಿಗೆ ಮೊದಲೇ ಹುಳದ ಔಷಧಿ ಹೊಡೆಸಿ.

ರೊಟ್ಟಿಕೆಂಡ_ಧಾರವಾಡ

ಒಂದು ಮಾತು ಬಿಟ್ಟೀರಿ. ರೊಟ್ಟಿ ಮಾಡೋ ಮನೀಗೆ ಮುಚ್ಚಿದ ಒಲಿ ತ್ರಾಸ. ಹಂಚಿನ ಮ್ಯಾಲೆ ಅರ್ಧ ಬೆಂದ ರೊಟ್ಟಿ ಕೆಂಡದ ಮುಂದ ನಿಲ್ಲಿಸಿ ಉಬ್ಬಿಸಬೇಕಲ್ರಿ, 5 ಇಂಚಿನ ಬಾಯಾಗ ಅದು ಆಗಂಗಿಲ್ಲ. ನಿಮ್ಮ ಕಡೆ ಅಕ್ಕಿರೊಟ್ಟಿಗೂ ಅದೇ ಗತಿ. ಒಲಿ ಬಾಯಿ ಮುಂದ 8 ಇಂಚಿನ ಹಾಸುಗಲ್ಲು ಕೂಡಸ್ರಿ, ಕೆಂಡ ಹೊರಗ ಎಳ್ಕೊಂಡು ಅದರ ಮ್ಯಾಲೆ ಸುಡಬಹುದು. ಎಳಿಯೋ ಹೊತ್ತಿನ್ಯಾಗ ಕಿಟಕಿ ತೆರದಿರ್ಲಿ.

ಅಂಗಡಿ ಒಲಿ ಬಗ್ಗೆ ಕೇಳಿದ್ರಿ. ಎತ್ತಿಡೋ ಒಲಿಗೆ ಐ.ಎಸ್. 13152 ಅಂತ ಮಾನಕ ಐತಿ (2013ರದ್ದು). ಫ್ಯಾನ್ ಇಲ್ಲದ್ದಕ್ಕ 100ಕ್ಕ 25, ಫ್ಯಾನ್ ಇದ್ದದ್ದಕ್ಕ 35 ಕನಿಷ್ಠ ದಕ್ಷತೆ. ಗುರುತು ನೋಡಿ ತೊಗೊಳ್ರಿ. ಆದ್ರ ಅವಕ್ಕ ಚಿಮಣಿ ಇರೂದಿಲ್ಲ, ಹೊಗಿ ಕಡಿಮಿ ಅಂದ್ರ ಹೊಗಿ ಇಲ್ಲ ಅಂತಲ್ಲ. ಹಿತ್ತಲದಾಗ, ಪಡಸಾಲ್ಯಾಗ ಇಟ್ಟು ಮಾಡೂದಕ್ಕ ಛಲೋ. ಉರಿ ನಟ್ಟನಡುವ ಕುಕ್ಕತೈತಿ, ರೊಟ್ಟಿ ನಡುವ ಕರಕಾಗಿ ಅಂಚು ಹಸಿ ಉಳೀತದ. ಬಿಲ್ಲೆ ಇಂಧನಾನ (ಮರದಪುಡಿ, ಹೊಟ್ಟು ಒತ್ತಿ ಮಾಡಿದ್ದು) ಬೇಕು ಅನ್ನೋ ಒಲಿ ಆದ್ರ, ಆ ಬಿಲ್ಲೆ ನಿಮ್ಮೂರಾಗ ವರ್ಷವಿಡೀ ಸಿಗತಾವೇನು ಅಂತ ಮೊದಲ ಕೇಳ್ರಿ. ತ್ವಾಟದಾಗ ಸೌದಿ ಬಿದ್ದಿರೂವಾಗ ಬಿಲ್ಲೆ ಕೊಳ್ಳೂದ್ಯಾಕ?

ಲೆಕ್ಕದಪುಸ್ತಕ

ಸೌದೆ ಬಗ್ಗೆ ಸ್ವಲ್ಪ. ಹಸಿ ಸೌದೆಯ ತೂಕದಲ್ಲಿ ಅರ್ಧ ನೀರೇ ಇದ್ದರೆ ಕೆ.ಜಿ.ಗೆ ಸಿಗುವ ಶಾಖ 8 ಮೆಗಾಜೂಲ್ ಆಸುಪಾಸಿಗೆ ಇಳಿಯುತ್ತದೆ, ಒಣಗಿದ್ದರಲ್ಲಿ 15 ಇತ್ತು ನೋಡಿ. ಜೊತೆಗೆ ಹೊಗೆ, ಚಿಮಣಿಯೊಳಗೆ ಅಂಟು. ಎಷ್ಟು ಒಳ್ಳೆಯ ಒಲೆ ಕಟ್ಟಿಸಿದರೂ ಹಸಿ ಸೌದೆ ಅದನ್ನು ಕೆಡಿಸುತ್ತದೆ.

ಡಿಸೆಂಬರ್–ಜನವರಿಯಲ್ಲಿ ಕಡಿದು, ಆಗಲೇ ಸೀಳಿ (ತೊಗಟೆ ಮುಚ್ಚಿದ ಉರುಟು ದಿಮ್ಮಿ ಬೇಸಿಗೆಯಿಡೀ ಬಿದ್ದಿದ್ದರೂ ಒಳಗೆ ಹಸಿಯೇ), ನೆಲದಿಂದ ಅರ್ಧ ಅಡಿ ಮೇಲೆ ಒಟ್ಟಿ, ಮೇ ಮುಗಿಯುವ ಮೊದಲು ಕೊಟ್ಟಿಗೆಗೆ ಸೇರಿಸಿ. ಒಣಗಿತೇ ಎಂದು ತಿಳಿಯಲು ಒಂದು ತುಂಡಿಗೆ ಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಒಣಗಿದೆ. ಒಲೆಗೆ ಹಾಕುವ ತುಂಡು ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗೆ ಇರಲಿ.

ಅಕೇಶಿಯಾ, ಗಾಳಿಮರ ಒಳ್ಳೆಯ ಕೆಂಡ ಕೊಡುತ್ತವೆ. ಅಡಿಕೆ ದಬ್ಬೆ, ಸೋಗೆ ಭರ್ರನೆ ಉರಿದು ಮುಗಿಯುತ್ತವೆ, ಹೊತ್ತಿಸಲು ಮಾತ್ರ. ಗರಟೆಯನ್ನು ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ಹಾಕಬೇಡಿ, ಜಾಲರಿಯ ಸರಳು ಬಾಗುವಷ್ಟು ಬಿಸಿ. ಹೊಳಗೇರು ಯಾವ ಕಾರಣಕ್ಕೂ ಬೇಡ. ಸೊನೆ ತಾಗಿದರೆ ಬೊಕ್ಕೆ ಏಳುವ ಮರ ಅದು, ಹೊಗೆಯೂ ಕೆಡುಕು. ಬಣ್ಣ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್ ತುಂಡುಗಳೂ ಅಡುಗೆ ಒಲೆಗೆ ಬೇಡ.

ತೋಟದಮನೆ_ಸಾಗರ

ಎಲ್ಲರಿಗೂ ಧನ್ಯವಾದ. ಬಚ್ಚಲ ಒಲೆ ಮೊದಲು, ಅಡುಗೆಯದ್ದಕ್ಕೆ ಮಾಡಿನಲ್ಲಿ ಚೌಕ ಈಗಲೇ ಬಿಡಿಸಿಕೊಳ್ಳುತ್ತೇವೆ. ಕೊನೆಯದೊಂದು: ಮಳೆಗಾಲದಲ್ಲಿ ನಾಲ್ಕೈದು ದಿನ ಹಚ್ಚದೆ ಬಿಟ್ಟರೆ ಚಿಮಣಿ ಒಲೆಯಲ್ಲೂ ಹೊಗೆ ಒಳಕ್ಕೇ ಬರುತ್ತದೆ ಅನ್ನುತ್ತಾರೆ, ಹೌದೇ?

ಹಂಚಿನಮಾಡು

ಹೌದು, ಬರುತ್ತದೆ. ಕೊಳವೆಯೊಳಗೆ ತಣ್ಣನೆಯ ಒದ್ದೆ ಗಾಳಿ ಭಾರವಾಗಿ ಕೂತಿರುತ್ತದೆ. ಮೊದಲು ಅದನ್ನು ಏಳಿಸಬೇಕು. ಬುಡದ ಟಿ-ತುಂಡಿನ ಮುಚ್ಚಳ ತೆಗೆದು ಒಂದು ಹಿಡಿ ಒಣಸೋಗೆಯೋ ಕಾಗದವೋ ಅಲ್ಲೇ ಹೊತ್ತಿಸಿ. ಗೊರ್ ಅಂತ ಎಳೆಯುವ ಸದ್ದು ಬಂದ ಕೂಡಲೇ ಮುಚ್ಚಿ, ಒಲೆ ಹಚ್ಚಿ. ಎರಡು ಕುಳಿಯ ಮೇಲೂ ಪಾತ್ರೆ ಇರಲಿ, ಎರಡನೆಯದರಲ್ಲಿ ಏನಿಲ್ಲದಿದ್ದರೂ ನೀರಾದರೂ. ಗ್ಯಾಸ್ ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನ್ ಆ ಹೊತ್ತಿಗೆ ಆರಿಸಿ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದು ಗಾಳಿ ಎಳೆಯುವುದೇ ಚಿಮಣಿಯಿಂದ. ಅಷ್ಟಾದರೂ ಹೊಗೆ ಬಂದರೆ ಮಾಡು ಹತ್ತಿ ಟೊಪ್ಪಿಗೆಯ ಅಡಿ ನೋಡಿ, ಮಳೆಗಾಲದ ಬಿಡುವಿನಲ್ಲಿ ಅಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ.